ಎಳಸು: ಅರ್ಥ, ಮೂಲ, ಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಎಳಸು ಎಂದರೆ ಸರಿಯಾಗಿ ಏನು?

ಇನ್ನೂ ಬಲಿಯದ್ದು. ಹುಟ್ಟಿದೆ, ಆಕಾರವೂ ಬಂದಿದೆ, ಗಟ್ಟಿತನ ಬಂದಿಲ್ಲ. ಕಾಯಿಗೆ ಹೇಳಿದರೆ ನಾರು, ಬೀಜ, ಓಟೆ ಇನ್ನೂ ಮೆತ್ತಗಿವೆ ಎಂದರ್ಥ. ಪಾಕಕ್ಕೆ ಹೇಳಿದರೆ ಹದ ಬಂದಿಲ್ಲ. ಬುದ್ಧಿಗೆ ಹೇಳಿದರೆ ಅನುಭವ ಸಾಲದು.

ಈ ಪದದೊಳಗೆ ಕಾಲ ಅಡಗಿದೆ ಎಂಬುದನ್ನು ಮರೆಯಬಾರದು. ಇವತ್ತು ಎಳಸಾಗಿರುವುದು ಬಿಟ್ಟರೆ ನಾಳೆ ಬಲಿಯುತ್ತದೆ. ಬಲಿಯುವ ದಾರಿಯೇ ಮುಚ್ಚಿಹೋದದ್ದನ್ನು ಕನ್ನಡ ಎಳಸು ಎನ್ನುವುದಿಲ್ಲ. ಕಾಳು ಕಟ್ಟದೆ ಹೊಟ್ಟಾಗಿ ನಿಂತ ಭತ್ತ ಜೊಳ್ಳು. ರೋಗ ತಗುಲಿ ಸುರುಟಿಕೊಂಡ ಎಲೆ ಮುರುಟಿದ್ದು. ಮೈ ತುಂಬದೆ ಸೊರಗಿದವನು ಪೀಚಲು. ಬಳಕೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಗೆರೆಯನ್ನು ಗಮನಿಸದೆ ಆಗುವಂಥವು.

ಪದದ ಮೂಲ ಯಾವುದು? ಸಂಸ್ಕೃತದಿಂದ ಬಂದದ್ದೇ?

ಅಲ್ಲ, ಅಚ್ಚ ದ್ರಾವಿಡ ಪದ. ಬೇರು ‘ಎಳ’. ತಮಿಳು, ಮಲಯಾಳಗಳಲ್ಲಿ ಇದು ‘ಇಳ’. ನಮ್ಮ ಎಳನೀರು ಅವರ ಇಳನೀರ್. ತಮಿಳಿನಲ್ಲಿ ಯುವಕ ಇಳೈಞನ್, ಯುವರಾಜ ಇಳವರಸನ್. ತೆಲುಗು ಕಾವ್ಯಗಳಲ್ಲಿ ‘ಎಲ’ ಎಂಬ ರೂಪವಿದೆ: ಎಲಪ್ರಾಯಮು ಎಂದರೆ ಎಳೆಯ ಪ್ರಾಯ. ದಿನಬಳಕೆಯ ತೆಲುಗಿನಲ್ಲಿ ಮೊದಲ ಸ್ವರ ಹಿಂದಕ್ಕೆ ಸರಿದು ‘ಲೇತ’ ಆಗಿದೆ. ಪದದ ಮೊದಲ ಸ್ವರವೂ ಅದರ ಮುಂದಿನ ವ್ಯಂಜನವೂ ಜಾಗ ಬದಲಿಸಿಕೊಳ್ಳುವುದು ತೆಲುಗಿನ ಹಳೆಯ ಚಾಳಿ.

ತಮಿಳಿನ ‘ಇ’ ಕನ್ನಡದಲ್ಲಿ ‘ಎ’ ಆದದ್ದು ಈ ಒಂದು ಪದದಲ್ಲಿ ಮಾತ್ರ ಅಲ್ಲ. ಇಲೈ–ಎಲೆ, ಇಡಂ–ಎಡೆ, ಇರಂಡು–ಎರಡು. ‘ಉ’ಗೆ ‘ಒ’ ಕೂಡ ಹೀಗೆಯೇ: ಕುಡೈ–ಕೊಡೆ, ಉಡಲ್–ಒಡಲು, ಮುದಲ್–ಮೊದಲು, ಪುಗೈ–ಹೊಗೆ. ಮುಂದಿನ ಅಕ್ಷರದಲ್ಲಿ ಮೂಲತಃ ‘ಅ’ ಇದ್ದ ಕಡೆ ಈ ಹೊಂದಾಣಿಕೆ ಸಾಲುಸಾಲಾಗಿ ಸಿಗುತ್ತದೆ. ಇದನ್ನು ನೋಡಿ ಕನ್ನಡವು ತಮಿಳಿನಿಂದ ಪದ ತಂದು ತಿದ್ದಿಕೊಂಡಿತು ಎಂದು ವಾದಿಸುವವರಿದ್ದಾರೆ. ವಾದ ನಿಲ್ಲುವುದಿಲ್ಲ. ಎರವಲು ತಂದ ಪದಗಳಲ್ಲಿ ಇಷ್ಟು ಅಚ್ಚುಕಟ್ಟಾದ ನಿಯಮ ಕಾಣುವುದು ಅಪರೂಪ. ಒಂದೇ ಮನೆಯಿಂದ ಬೇರೆಯಾಗಿ ಹೋದ ಅಣ್ಣತಮ್ಮಂದಿರಲ್ಲಿ ಕಾಣುವ ಹೋಲಿಕೆ ಇದು.

‘ಎಳ’ ಸರಿ, ಕೊನೆಯ ‘ಸು’ ಎಲ್ಲಿಂದ ಬಂತು?

ಗುಣವಾಚಕದ ಬೇರಿಗೆ ಹತ್ತಿ ನಾಮಪದ ಮಾಡುವ ಪ್ರತ್ಯಯ ಅದು. ಹತ್ತಿರದ ಜೋಡಿ ಎಂದರೆ ಬಿರು–ಬಿರುಸು. ಬಿರು ಎಂಬುದು ಒಂಟಿಯಾಗಿ ನಿಲ್ಲದೆ ಬಿರುಗಾಳಿ, ಬಿರುಬಿಸಿಲು ಎಂದು ಇನ್ನೊಂದು ಪದವನ್ನು ಆತುಕೊಳ್ಳುತ್ತದೆ. ಬಿರುಸು ಮಾತ್ರ ತನ್ನ ಕಾಲ ಮೇಲೆ ನಿಲ್ಲುತ್ತದೆ. ಎಳ–ಎಳಸು ಜೋಡಿಯೂ ಹಾಗೆಯೇ. ‘ಕಾಯಿ ಎಳ’ ಎಂದರೆ ವಾಕ್ಯವಾಗುವುದಿಲ್ಲ, ‘ಕಾಯಿ ಎಳಸು’ ಎಂದರೆ ಆಗುತ್ತದೆ. ಎಳತು, ಎಳದು, ಎಳೆಯದು, ಮಾತಿನಲ್ಲಿ ಎಳೇದು, ಇವೆಲ್ಲವೂ ಅದೇ ಕೆಲಸ ಮಾಡುವ ರೂಪಗಳು.

‘ಎಳೆದು ನೋಡಿ, ಎಳೆ ಬರದಿದ್ದರೆ ಪಾಕ ಎಳೆಯದು.’ ಈ ವಾಕ್ಯದಲ್ಲಿ ಮೂರು ಎಳೆ ಇವೆ. ಮೂರೂ ಒಂದೇ ಪದವೇ?

ಮೂರೂ ಬೇರೆ ಬೇರೆ. ಇಂದಿನ ಬರವಣಿಗೆಯಲ್ಲಿ ಒಂದೇ ಮುಖ ಹೊತ್ತಿವೆ, ಅಷ್ಟೆ.

ಹಳಗನ್ನಡದಲ್ಲಿ ಳ ಅಲ್ಲದೆ ೞ ಎಂಬ ಇನ್ನೊಂದು ಅಕ್ಷರವಿತ್ತು. ಜಗ್ಗು ಎಂಬರ್ಥದ ಕ್ರಿಯಾಪದ ‘ಎೞೆ’, ನೂಲು ಎಂಬರ್ಥದ ನಾಮಪದವೂ ‘ಎೞೆ’. ಕೋಮಲ ಎಂಬರ್ಥದ ಪದ ಮಾತ್ರ ಸಾದಾ ಳಕಾರದ ‘ಎಳ’. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಈ ಳಕಾರಗಳನ್ನು ರಳ, ಕುಳ, ಕ್ಷಳ ಎಂದು ಬಿಡಿಸಿ ಹೇಳಬೇಕಾಯಿತು. ರಳ ಎಂದರೆ ೞ, ಕುಳ ಎಂದರೆ ಕನ್ನಡದ ಸಹಜ ಳ, ಕ್ಷಳ ಎಂದರೆ ಸಂಸ್ಕೃತದ ಲಕಾರ ಳ ಆಗಿ ಬಂದದ್ದು. ವ್ಯಾಕರಣಕಾರನೊಬ್ಬ ಒಂದು ವ್ಯತ್ಯಾಸವನ್ನು ಅಷ್ಟು ಬಿಡಿಸಿ ಹೇಳುತ್ತಾನೆಂದರೆ ಜನ ಅದನ್ನು ಬೆರೆಸತೊಡಗಿದ್ದರು ಎಂದೇ ಊಹಿಸಬೇಕು. ಆಮೇಲೆ ೞ ಪೂರ್ತಿಯಾಗಿ ಳ ದೊಳಗೆ ಕರಗಿಹೋಯಿತು. ತಮಿಳು ಅದನ್ನು ಇಂದಿಗೂ ಉಳಿಸಿಕೊಂಡಿದೆ, ಹಾಗಾಗಿ ಅಲ್ಲಿ ಗೊಂದಲವಿಲ್ಲ: ಜಗ್ಗುವುದಕ್ಕೆ ಇೞು, ನೂಲಿಗೆ ಇೞೈ, ಕೋಮಲಕ್ಕೆ ಇಳ.

ಹಾಗಾದರೆ ಅಡುಗೆಯವರು ಹೇಳುವ ‘ಎಳೆಪಾಕ’ದಲ್ಲಿರುವುದು ಯಾವ ಎಳೆ?

ಹೇಗೆ ಹೇಳುತ್ತಾರೆ ಎಂಬುದರ ಮೇಲಿದೆ. ಮುಂದೆ ಸಂಖ್ಯೆ ಇದ್ದರೆ ನೂಲು: ಒಂದೆಳೆ ಪಾಕ, ಎರಡೆಳೆ ಪಾಕ. ‘ಏರುಪಾಕ’ಕ್ಕೆ ಎದುರಾಗಿ ಹೇಳಿದರೆ ಎಳಸು ಎಂಬರ್ಥ: ಇನ್ನೂ ಕುದಿಯಬೇಕಿದ್ದ ಪಾಕ.

ಪರೀಕ್ಷೆ ಮಾಡುವುದು ಹೀಗೆ. ಸಕ್ಕರೆ ಮುಳುಗುವಷ್ಟು ನೀರು ಹಾಕಿ (ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ಸಾಕು) ಕುದಿಸಬೇಕು. ಸೌಟಿನಿಂದ ಒಂದು ತೊಟ್ಟು ತಟ್ಟೆಗೆ ಬಿಟ್ಟು, ಕೈಗೆ ತಾಳುವಷ್ಟು ಆರಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಬಿಡಿಸಬೇಕು. ಬೆರಳು ಅಗಲುವ ಮೊದಲೇ ಹರಿದು ಹೋದರೆ ಪಾಕ ಎಳಸು. ಕೂದಲಿನಂಥ ಒಂದು ದಾರ ನಿಂತರೆ ಒಂದೆಳೆ, ಅಂದರೆ ಸುಮಾರು 105 ಡಿಗ್ರಿ ಸೆಲ್ಸಿಯಸ್. ಎಳಸಾದ ಪಾಕಕ್ಕೆ ಕಡಲೆಹಿಟ್ಟು ಸುರಿದರೆ ಮೈಸೂರುಪಾಕ್ ತಟ್ಟೆಯಲ್ಲಿ ಹಲ್ವದ ಹಾಗೆ ಮೆತ್ತಗೆ ಉಳಿಯುತ್ತದೆ, ಬಿಲ್ಲೆ ಏಳುವುದಿಲ್ಲ, ಏಕೆಂದರೆ ನೀರಿನಂಶ ಇನ್ನೂ ಹೆಚ್ಚಿದೆ. ಏರಿದರೆ ಉದುರುದುರಾಗುತ್ತದೆ, ಇಲ್ಲವೇ ಕಲ್ಲಾಗುತ್ತದೆ. ಎಳಸಾದದ್ದನ್ನು ಇನ್ನಷ್ಟು ಕುದಿಸಿ ಸರಿಮಾಡಬಹುದು. ಏರಿದ್ದಕ್ಕೆ ನೀರು ಚಿಮುಕಿಸಿ ಮತ್ತೆ ಮೊದಲಿನಿಂದ ಹದ ಹಿಡಿಯಬೇಕು.

ಎಳಸು ಮತ್ತು ಹಸಿ ಒಂದೇ ಅಲ್ಲವೇ?

ಅಲ್ಲ. ಎಳಸಿನ ಎದುರುಪದ ‘ಬಲಿತದ್ದು’. ಹಸಿಗೆ ಎದುರು ‘ಬೆಂದದ್ದು’ ಅಥವಾ ‘ಒಣಗಿದ್ದು’. ಪೂರ್ತಿ ಬಲಿತ ತೆಂಗಿನಕಾಯಿಯೂ ಹಸಿ ಇರಬಹುದು. ಎಳೆಯ ಬೆಂಡೆಯನ್ನು ಬೇಯಿಸಿದರೆ ಅದು ಹಸಿಯಲ್ಲ, ಎಳಸಂತೂ ಹೌದು.

ಇಲ್ಲೇ ಇನ್ನೊಂದು ಮೂರರ ಗುಂಪು ಬಿಡಿಸಿಟ್ಟುಕೊಂಡರೆ ಒಳ್ಳೆಯದು. ಬೆಳೆಯುವುದು ಗಾತ್ರದ ಮಾತು. ಬಲಿಯುವುದು ಗಟ್ಟಿಯಾಗುವ ಮಾತು. ಮಾಗುವುದು ಹಣ್ಣಾಗುವ ಮಾತು. ಸೌತೆಕಾಯಿ ಮೊಳದುದ್ದ ಬೆಳೆದೂ ಎಳಸಾಗಿರಬಹುದು, ಗೇಣುದ್ದದ್ದು ಬಲಿತಿರಬಹುದು. ಮಾವಿನಕಾಯಿ ಬಲಿಯದೆ ಕಿತ್ತರೆ ಹುಲ್ಲಿನಲ್ಲಿ ಹುದುಗಿಸಿಟ್ಟರೂ ಸರಿಯಾಗಿ ಮಾಗುವುದಿಲ್ಲ, ಸಿಪ್ಪೆ ಸುಕ್ಕಾಗಿ ಒಳಗೆ ಸಪ್ಪೆಯಾಗಿ ಉಳಿಯುತ್ತದೆ. ‘ಎಳೇದನ್ನ ಕಿತ್ತುಬಿಟ್ರು’ ಎಂಬ ಗೊಣಗು ಈ ಕಾರಣಕ್ಕೆ.

‘ಹಸಿ’ಯ ಬೇರು ಹಳಗನ್ನಡದ ‘ಪಸು’. ಹಸಿರು ಬಂದದ್ದೂ ಅಲ್ಲಿಂದಲೇ. ಹಸುಗೂಸಿನಲ್ಲಿರುವುದೂ ಈ ‘ಹಸು’ವೇ ಹೊರತು ಹಾಲು ಕೊಡುವ ಹಸುವಲ್ಲ. ತಮಿಳರು ಎರಡೂ ಬೇರುಗಳನ್ನು ಒಂದೇ ಪದಕ್ಕೆ ತುರುಕಿ ಹಸುಗೂಸನ್ನು ‘ಪಚ್ಚಿಳಂ ಕುೞಂದೈ’ ಎನ್ನುತ್ತಾರೆ: ಹಸಿಯೂ ಹೌದು, ಎಳೆಯದೂ ಹೌದು.

ಹೀಚು, ಮಿಡಿ, ಕಸುಗಾಯಿ, ದೋರೆಗಾಯಿ ಎಲ್ಲ ಎಳಸೇ?

ಎಲ್ಲವೂ ಅಲ್ಲ. ಮಾವನ್ನೇ ಹಿಡಿದು ಹೇಳುವುದಾದರೆ, ಹೂ ಉದುರಿ ಆಗಷ್ಟೇ ಕಚ್ಚಿದ್ದು ಹೀಚು. ಕೈಗೆ ಸಿಗುವಷ್ಟಾಗಿ, ಓಟೆ ಕಟ್ಟುವ ಮೊದಲಿನದು ಮಿಡಿ. ಅಲ್ಲಿಂದ ಮುಂದೆ ಎಳೆಕಾಯಿ, ಕಾಯಿ, ಬಲಿತ ಕಾಯಿ. ಅರ್ಧ ಬಣ್ಣ ತಿರುಗಿದ್ದು ದೋರೆಗಾಯಿ. ಆಮೇಲೆ ಹಣ್ಣು, ಅದೂ ಮೀರಿದರೆ ಕಳಿತದ್ದು. ಎಳಸು ಎಂಬ ಮಾತು ಹೀಚಿನಿಂದ ಎಳೆಕಾಯಿಯವರೆಗೆ ಮಾತ್ರ ಸಲ್ಲುತ್ತದೆ. ದೋರೆಗಾಯಿ ಬಲಿತಾಗಿದೆ, ಹಣ್ಣಾಗಿಲ್ಲ ಅಷ್ಟೆ, ಅದನ್ನು ಎಳಸು ಎಂದರೆ ತಪ್ಪು. ಕಸುಗಾಯಿ ಎಂಬುದು ರುಚಿಯ ಕಡೆಯಿಂದ ಬಂದ ಹೆಸರು, ಬಾಯಿ ಒಗರಾಗಿಸುವಂಥದ್ದು.

ಉಪ್ಪಿನಕಾಯಿಗೆ ಅಪ್ಪೆಮಿಡಿ ಆರಿಸುವವರು ಒಂದು ಮಿಡಿಯನ್ನು ಚಾಕುವಿನಿಂದ ನಡುವೆ ಸೀಳಿ ನೋಡುತ್ತಾರೆ. ಅಲಗು ಅಡ್ಡಿಯಿಲ್ಲದೆ ಒಳಗಿನ ಬಿಳಿಯ ಬೀಜದ ಮೂಲಕ ಹಾದುಹೋದರೆ ಮಿಡಿ. ಕಟ್ ಎಂದು ತಡೆದರೆ ಓಟೆ ಕಟ್ಟಿದೆ, ಇಡಿಯಾಗಿ ಹಾಕುವಂತಿಲ್ಲ, ಹೋಳು ಮಾಡಬೇಕು.

ಹೀಚಿನ ಬಗ್ಗೆ ಒಂದು ಮಾತು. ಇದರ ಹಳೆಯ ರೂಪ ಪೀಚು, ತಮಿಳಿನ ಪಿಂಜು, ತೆಲುಗಿನ ಪಿಂದೆ ಇದರ ಬಳಗ. ಪಕಾರ ಹಕಾರವಾದಾಗ ಪೀಚು ಹೀಚಾಯಿತು. ಹಳೆಯ ಪಕಾರ ‘ಪೀಚು’, ‘ಪೀಚಲು’ಗಳಲ್ಲಿ ಸೊರಗಿದ ಮೈಗೆ ಹೇಳುವ ಮಾತಾಗಿ ಉಳಿದುಕೊಂಡಿತು.

ಎಳನೀರು ಎನ್ನಬೇಕೇ, ಎಳೆನೀರು ಎನ್ನಬೇಕೇ?

ಎರಡೂ ಸರಿ, ಎಳನೀರು ಹಳೆಯದು. ನಿಜಕ್ಕೂ ಎಳಸಾಗಿರುವುದು ನೀರಲ್ಲ, ಕಾಯಿ. ಆದರೂ ಕಾಯಿಗೇ ಆ ಹೆಸರು ನಿಂತಿತು.

ತೆಂಗಿನ ಹೊಂಬಾಳೆ ಒಡೆದು ಕಾಯಿ ಪೂರ್ತಿ ಬಲಿಯಲು ಸುಮಾರು 12 ತಿಂಗಳು ಬೇಕು. ಎಳನೀರಿಗೆ ಕೊಯ್ಯುವುದು 6–7 ತಿಂಗಳಿನಲ್ಲಿ. ಆಗ ನೀರು ತುಂಬಿರುತ್ತದೆ, ಸಿಹಿ ಬಂದಿರುತ್ತದೆ, ಒಳಗೋಡೆಗೆ ತೆಳ್ಳಗೆ ಗಂಜಿ ಹತ್ತಿರುತ್ತದೆ. ಇನ್ನೂ ಮೊದಲೇ ಕೊಯ್ದರೆ ಗಂಜಿಯೇ ಇರುವುದಿಲ್ಲ, ನೀರೂ ಸಪ್ಪೆ. ಹೆಚ್ಚು ಬಿಟ್ಟರೆ ಗಂಜಿ ಕೊಬ್ಬರಿಯ ಕಡೆಗೆ ದಪ್ಪವಾಗುತ್ತಾ ನೀರು ಕಡಿಮೆಯಾಗುತ್ತದೆ. ಮಾರುವವರು ‘ಗಂಜಿ ಬೇಕಾ, ನೀರು ಸಾಕಾ’ ಎಂದು ಕೇಳುವುದು ಈ ಎಳಸಿನ ಅಳತೆಯನ್ನೇ.

ಎಳಗರು ಸರಿಯೋ ಎಳೆಕರು ಸರಿಯೋ?

ಇದೂ ಹಾಗೆಯೇ, ಎರಡೂ ನಡೆಯುತ್ತವೆ. ‘ಎಳ’ ಮುಂದೆ ನಿಂತ ಹಳೆಯ ಸಮಾಸಗಳಲ್ಲಿ ಆದೇಶಸಂಧಿಯಾಗುತ್ತದೆ: ಎಳ+ಕರು ಎಳಗರು, ಎಳ+ತಳಿರು ಎಳದಳಿರು, ಎಳ+ತಿಂಗಳ್ ಎಳದಿಂಗಳ್. ‘ಎಳೆ’ ಮುಂದೆ ನಿಂತ ಈಚಿನ ಜೋಡಣೆಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ: ಎಳೆಕಾಯಿ, ಎಳೆಬಿಸಿಲು, ಎಳೆಹಸಿರು. ‘ಎಳಸು’ ಬಂದರೆ ಬಿಡಿಯಾಗಿಯೇ ಬರೆಯುವುದು, ಎಳಸು ಕಾಯಿ. ಪರೀಕ್ಷೆಗೆ ಓದುವವರು ಎಳಗರುವನ್ನು ಕರ್ಮಧಾರಯ ಸಮಾಸಕ್ಕೆ ಉದಾಹರಣೆಯಾಗಿ ಕಂಡಿರುತ್ತಾರೆ: ಎಳೆದು + ಕರು. ಆ ‘ಎಳೆದು’ ಜಗ್ಗಿದ್ದು ಅಲ್ಲ ಎಂದು ಮಕ್ಕಳಿಗೆ ಒಮ್ಮೆ ಹೇಳಬೇಕು, ಇಲ್ಲವಾದರೆ ಕರುವನ್ನು ಹಗ್ಗ ಹಿಡಿದು ಎಳೆದ ಚಿತ್ರವೇ ಅವರ ತಲೆಯಲ್ಲಿ ಕೂರುತ್ತದೆ.

ಇತ್ತೀಚೆಗೆ ಕರು ಹಾಕಿದ ಹಸುವಿಗೆ ಎಳಗಂದಿ ಎಂಬ ಚೆಂದದ ಪದವಿದೆ. ಇಲ್ಲಿ ಎಳೆಯದು ಹಸುವಲ್ಲ, ಅದರ ಕಂದು, ಅಂದರೆ ಕರು.

ತರಕಾರಿ ಎಳಸೋ ಬಲಿತದ್ದೋ ಎಂದು ತಿಳಿಯುವುದು ಹೇಗೆ?

ಬೆಂಡೆಯ ತುದಿ ಬಗ್ಗಿಸಿದಾಗ ಪಟ್ ಎಂದು ಮುರಿದರೆ ಎಳಸು. ಮುರಿಯದೆ ಬಾಗಿ ನಾರು ಕಂಡರೆ ಬಲಿತಿದೆ. ಹೂ ಅರಳಿದ 5–6 ದಿನಕ್ಕೆ ಕೊಯ್ಯುವ ಕಾಯಿ ಅದು, ಇನ್ನೂ ಮೂರ್ನಾಲ್ಕು ದಿನ ಗಿಡದಲ್ಲೇ ಬಿಟ್ಟರೆ ನಾರು ಕೂರುತ್ತದೆ. ಸೋರೆ, ಹೀರೆಗಳಿಗೆ ಉಗುರು ಸಲೀಸಾಗಿ ಇಳಿಯಬೇಕು. ಬದನೆಯನ್ನು ಕೊಯ್ದು ನೋಡಿದರೆ ಗೊತ್ತಾಗುತ್ತದೆ, ಬೀಜ ಕಂದಾಗಿ ಬಿರುಸಾಗಿದ್ದರೆ ಬಲಿತದ್ದು.

ಕೆಲವು ಎಳೆಯ ವಸ್ತುಗಳಿಗೆ ಸ್ವಂತ ಹೆಸರೇ ಇದೆ, ಅವುಗಳ ಮುಂದೆ ಎಳೆ ಸೇರಿಸುವುದು ದಂಡ. ಎಳೆಯ ಬಿದಿರು ಕಳಲೆ. ಎಳೆಯ ಹಲಸು ಕರಾವಳಿಯಲ್ಲಿ ಗುಜ್ಜೆ. ಅಲ್ಲೇ ತುಳುವಿನಲ್ಲಿ ಎಳನೀರು ಬೊಂಡ. ‘ಎಳೆ ಕಳಲೆ’ ಎಂದು ಬರೆದರೆ ಎಳೆಯ ಎಳೆಬಿದಿರು ಎಂದಂತಾಯಿತು.

ಮನುಷ್ಯರಿಗೆ ಎಳಸು ಎನ್ನಬಹುದೇ?

ಎನ್ನಬಹುದು, ಯಾರು ಯಾರಿಗೆ ಎಂಬುದು ನೋಡಿಕೊಂಡು. ಹಿರಿಯರು ಕಿರಿಯರ ಬಗ್ಗೆ ‘ಇನ್ನೂ ಎಳಸು ಬಿಡಿ, ಕಲಿತುಕೊಳ್ತಾನೆ’ ಎಂದರೆ ಅದರಲ್ಲಿ ಮಮತೆ ಇದೆ. ‘ಎಳಸೆಳಸಾಗಿ ಆಡಬೇಡ’ ಎಂದರೆ ಗದರಿಕೆ. ಸರೀಕರು ಸರೀಕರಿಗೆ ‘ಎಳಸು’ ಎಂದರೆ ಅವಹೇಳನ. ಕಿರಿಯರು ಹಿರಿಯರಿಗೆ ಹೇಳುವಂತೆಯೇ ಇಲ್ಲ. ಬರೀ ವಯಸ್ಸು ಹೇಳಬೇಕಿದ್ದರೆ ಎಳೆಯರು, ಕಿರಿಯರು. ಬಾಲ್ಯಕ್ಕೆ ಎಳವೆ ಅಥವಾ ಎಳೆತನ, ಇವುಗಳಲ್ಲಿ ನಿಂದೆಯ ವಾಸನೆಯಿಲ್ಲ.

ಅಪಕ್ವ, ಅಪ್ರಬುದ್ಧ, ಅಪ್ರಾಪ್ತ, ಅವಿಕಸಿತ: ಇವುಗಳಲ್ಲಿ ಯಾವುದು ಎಲ್ಲಿ?

ಅಪಕ್ವದ ಒಳಗಿರುವುದು ‘ಪಚ್’ ಧಾತು, ಬೇಯಿಸು ಎಂದು. ಪಾಕವೂ ಅದರದೇ ಸಂತಾನ. ಹಾಗಾಗಿ ಅಪಕ್ವ ಎಂದರೆ ಬೇಯದ್ದೂ ಹೌದು, ಮಾಗದ್ದೂ ಹೌದು. ಯೋಚನೆ, ನಿರ್ಧಾರ, ಬರವಣಿಗೆಗೆ ಹೊಂದುತ್ತದೆ. ಅಪ್ರಬುದ್ಧ ‘ಬುಧ್’ನಿಂದ ಬಂದದ್ದು, ಅರಿವು ಎಚ್ಚರಗೊಳ್ಳದ ಸ್ಥಿತಿ, ವ್ಯಕ್ತಿಯ ನಡತೆಗೇ ಮೀಸಲು. ಅಪ್ರಬುದ್ಧ ಸೌತೆಕಾಯಿ ಎಂದರೆ ನಗೆಪಾಟಲು. ಅಪ್ರಾಪ್ತ ಕಾನೂನಿನ ಪದ. 1875ರ ವಯಸ್ಕತನದ ಕಾಯ್ದೆಯಂತೆ 18 ತುಂಬದವರು ಅಪ್ರಾಪ್ತ ವಯಸ್ಕರು. 17 ವರ್ಷದ ಹುಡುಗಿ ಎಷ್ಟೇ ಪ್ರಬುದ್ಧಳಾಗಿದ್ದರೂ ಕಾನೂನಿಗೆ ಅಪ್ರಾಪ್ತಳೇ.

ಅವಿಕಸಿತದ ಬಗ್ಗೆ ತಕರಾರಿದೆ. ವಿಕಾಸ ಎಂದರೆ ಅರಳುವುದು. ಹಿಂದಿಯಲ್ಲಿ ಅದು ಅಭಿವೃದ್ಧಿಗೆ ನಿಂತ ಪದ. ಕನ್ನಡದಲ್ಲಿ ವಿಕಾಸ ಎಂದೊಡನೆ ನೆನಪಾಗುವುದು ಜೀವವಿಕಾಸ. ಬೆಂಗಳೂರಿನಲ್ಲಿ ವಿಕಾಸಸೌಧವೇನೋ ಇದೆ, ಅದರೊಳಗಿನ ಕಡತಗಳಲ್ಲಿ ಓಡಾಡುವುದು ಮಾತ್ರ ಅಭಿವೃದ್ಧಿ. ಆದ್ದರಿಂದ ‘ಅವಿಕಸಿತ ಪ್ರದೇಶ’ ಎಂದು ಬರೆದರೆ ಹಿಂದಿಯಿಂದ ಎತ್ತಿ ಇಟ್ಟಂತೆ ಕಾಣುತ್ತದೆ. ಅರಳದ ಹೂವಿಗಾದರೆ ಸರಿ, ಅದಕ್ಕೂ ಮೊಗ್ಗು, ಮುಗುಳು ಇರುವಾಗ ಬೇಕಾಗುವುದಿಲ್ಲ.

ಊರು, ತಾಲ್ಲೂಕು, ದೇಶಕ್ಕೆ ಎಳಸು ಎನ್ನಬಹುದೇ?

ಬೇಡ. ಊರಿಗೆ ಹಿಂದುಳಿದ, ಅಭಿವೃದ್ಧಿ ಕಾಣದ ಎಂಬ ಪದಗಳು ನೆಲೆಗೊಂಡಿವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು: 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ. ‘ಅತ್ಯಂತ’ಕ್ಕೂ ‘ಅತಿ’ಗೂ ನಡುವೆ ಒಂದು ಮೆಟ್ಟಿಲಿದೆ ಎಂದು ಬರಿಯ ಭಾಷೆ ಬಲ್ಲವರಿಗೆ ಹೊಳೆಯದು. ಅದನ್ನು ಸೃಷ್ಟಿಸಿದ್ದು ಆಡಳಿತದ ಕನ್ನಡ. ಹಿಂದುಳಿದ ಎಂಬ ಪದದಲ್ಲಿ ಓಟವಿದೆ, ಬೇರೆಯವರು ಮುಂದೆ ಹೋಗಿದ್ದಾರೆ. ಎಳಸಿನಲ್ಲಿ ಆ ಹೋಲಿಕೆಯೇ ಇಲ್ಲ. ನೂರಾರು ವರ್ಷದಿಂದ ರಸ್ತೆಯಿಲ್ಲದ ಊರನ್ನು ಎಳಸು ಎಂದರೆ ತಾನಾಗಿಯೇ ಬಲಿಯುತ್ತದೆ ಬಿಡಿ ಎಂದಂತಾಗುತ್ತದೆ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ?

ಎಳಸು ಎನ್ನುವುದಿಲ್ಲ, ಏಕೆಂದರೆ ತುಂಬು ತಿಂಗಳಿಗೆ ಹುಟ್ಟಿದ ಮಗುವೂ ಎಳೆಮಗುವೇ. ಮಾತಿನಲ್ಲಿ ‘ದಿನ ತುಂಬದ ಮಗು’, ಬರಹದಲ್ಲಿ ಅವಧಿಪೂರ್ವ ಶಿಶು. ವೈದ್ಯರ ಲೆಕ್ಕದಲ್ಲಿ 37 ವಾರ ತುಂಬುವ ಮೊದಲು ಹುಟ್ಟಿದವು.

ಹಳೆಯ ಕಾವ್ಯದಲ್ಲಿ ‘ಎಳಸಿದನು’ ಎಂದಿದೆ. ಎಳಸಾದನು ಎಂದೇ?

ಅಲ್ಲ. ಎಳಸು ಎಂಬ ಕ್ರಿಯಾಪದ ಬೇರೆಯೇ ಇದೆ, ಅರ್ಥ ಬಯಸು, ಆಸೆಪಡು. ಎಳಸಿದನು ಎಂದರೆ ಬಯಸಿದನು, ಎಳಸಿಕೆ ಎಂದರೆ ಬಯಕೆ. ನಡುವೆ ‘ಳೆ’ ಇರುವ ‘ಎಳೆಸು’ ಮತ್ತೊಂದು, ಜಗ್ಗುವಂತೆ ಮಾಡು ಎಂದು. ಪದಕ್ಕೆ ಕಾಲಸೂಚಕ ಪ್ರತ್ಯಯ ಹತ್ತಿದ್ದರೆ (ಎಳಸಿದ, ಎಳಸುವ) ಅದು ಬಯಕೆ. ‘ಆಗು’, ‘ಆದ’, ‘ಇದೆ’ ಜೊತೆ ಬಂದರೆ (ಎಳಸಾದ, ಎಳಸಾಗಿದೆ) ಬಲಿಯದ್ದು.

‘ಎಳೆ’ಗೂ ಇಂಥದೇ ಗುರುತುಗಳಿವೆ. ಎಳೆದ ಎಂದರೆ ಜಗ್ಗಿದ. ಎಳೆಯ ಎಂದಿದ್ದರೆ ಮುಂದಿನ ಪದ ನೋಡಬೇಕು: ಎಳೆಯ ಬಾಲಕ ಕೋಮಲದ್ದು, ಎಳೆಯ ಗಂಟು ನೂಲಿನದು.

ನಿಘಂಟಿನಲ್ಲಿ ಹುಡುಕುವಾಗ ಏನು ನೋಡಬೇಕು?

1894ರ ಕಿಟ್ಟೆಲ್ ನಿಘಂಟು ಒಂದೇ ರೂಪದ ಪದಗಳಿಗೆ 1, 2, 3 ಎಂದು ಅಂಕಿ ಹಾಕಿ ಬೇರ್ಪಡಿಸುತ್ತದೆ. ಮೊದಲನೆಯದನ್ನೇ ನೋಡಿ ಮುಚ್ಚಿದರೆ ಕೋಮಲದ ಎಳೆ ಹುಡುಕಲು ಹೋಗಿ ಗಾಡಿ ಎಳೆದು ಬರಬೇಕಾಗುತ್ತದೆ. ‘ಎಳ’, ‘ಎಳಸು’, ‘ಎಳೆ’ ಮೂರು ತಲೆಪದಗಳನ್ನೂ ತೆರೆಯಿರಿ, ೞ ಇರುವ ರೂಪ ಎಲ್ಲಿ ಕೊಟ್ಟಿದೆ ಗಮನಿಸಿ. ೞ ಇದ್ದರೆ ಅದು ನೀವು ಹುಡುಕುತ್ತಿರುವ ಪದವಲ್ಲ.

ಎಳ್ಳಿಗೂ ಎಳೆಗೂ ನಂಟಿದೆಯೇ? ಕಾಳು ಸಣ್ಣದಲ್ಲವೇ?

ನಂಟಿಲ್ಲ. ಎಳ್ಳು ತಮಿಳಿನಲ್ಲಿ ಎಳ್, ಅಲ್ಲಿಯೂ ‘ಎ’ಕಾರವೇ. ಎಳಸಿನ ಬಳಗದ್ದಾಗಿದ್ದರೆ ತಮಿಳಿನಲ್ಲಿ ‘ಇ’ ಇರಬೇಕಿತ್ತು.